ಕಾಲು ಕೆಜಿ ಕಾಡುಪಾಪ

ಕಾಡು ನೋಡಿ ಬಂದವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ, "ಹುಲಿ ಕಾಣಿಸ್ತಾ?" ದಿಂಡಿಗಲ್ ಕಡೆಯಿಂದ ವಾಪಸಾದಾಗ ನಮ್ಮ ಚೆನ್ನೈ ಬ್ರಾಂಚಿನಲ್ಲೂ ಅದನ್ನೇ ಕೇಳಿದರು. ಇಲ್ಲ, ದೇವಾಂಗು ನೋಡಿದೆ ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ತಮಿಳಿನಲ್ಲಿ ತೀರಾ ಸಣಕಲು ಹುಡುಗರನ್ನು ಆಡಿಕೊಳ್ಳುವುದು ಆ ಹೆಸರಿನಿಂದಲೇ! ನಾವು ಕನ್ನಡದವರು ಅದನ್ನೇ ಕಾಡುಪಾಪ ಅಂತೀವಿ ನೋಡಿ...

ಕರೂರು, ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಕಾಡನ್ನು ತಮಿಳುನಾಡು ಸರ್ಕಾರ 2022ರಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯ ಮಾಡಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಆ ಸೀಮೆಯವರಾದ ನನ್ನ ಸಹೋದ್ಯೋಗಿ, "ಕಾಡಿಗೇ ಹೋಗಬೇಕಿಲ್ಲ ಸಾರ್, ನಮ್ಮ ಹೊಲದ ಬದುವಿನಲ್ಲೇ ಇವೆ" ಎಂದು ಕರೆದೊಯ್ದರು.

ರಾತ್ರಿ ಎಂಟಕ್ಕೆ ಹೊರಟೆವು. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದರು. ಬಿಳಿ ಬೆಳಕು ಆ ದೊಡ್ಡ ಕಣ್ಣುಗಳಿಗೆ ಹಿಂಸೆ. ಫೋಟೋ, ಫ್ಲ್ಯಾಶು ಯಾವುದೂ ಇಲ್ಲ. ಒಂದೂವರೆ ಗಂಟೆ ಬರೀ ಸೊಳ್ಳೆ ಕಡಿತ. ಆಮೇಲೆ ಹುಣಸೆ ಮರದಲ್ಲಿ ಎರಡು ಕೆಂಡ ಹೊತ್ತಿಕೊಂಡವು! ಬಾಲವಿಲ್ಲ, ಕಡ್ಡಿಯಂಥ ಕೈಕಾಲು, ತೂಕ ಕಾಲು ಕೆಜಿಯ ಆಸುಪಾಸು. ಒಂದು ಕೈ ಬಿಟ್ಟು, ಮುಂದಿನ ಕೊಂಬೆ ಹಿಡಿದು, ಯೋಚಿಸಿ, ಇನ್ನೊಂದು ಕೈ. ಇಷ್ಟು ನಿಧಾನದ ಪ್ರಾಣಿ ಒಂದು ಹುಳುವನ್ನು ಗಬಕ್ಕನೆ ಹಿಡಿದದ್ದು ಮಾತ್ರ ಕಣ್ಣಿಗೇ ಕಾಣಲಿಲ್ಲ.

ಕೋತಿಯ ಹಾಗೆ ಮರದಿಂದ ಮರಕ್ಕೆ ನೆಗೆಯುವುದು ಇದಕ್ಕೆ ಬರುವುದಿಲ್ಲ. ಕೊಂಬೆಗೆ ಕೊಂಬೆ ತಾಗಿರಬೇಕು. ನಡುವೆ ಬೇಲಿ ಕಡಿದರೆ ನೆಲಕ್ಕಿಳಿಯಬೇಕು. ನೆಲದಲ್ಲಿ ನಾಯಿ, ರಸ್ತೆಯಲ್ಲಿ ಲಾರಿ. ಇದರ ಕಣ್ಣನ್ನು ಮಾಟಮಂತ್ರಕ್ಕೆ ಬಳಸುವವರು ಬೇರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದರ ಹೆಸರಿದೆ, ಆದರೆ ಬದುವಿನ ಹುಣಸೆ ಮರವನ್ನು ಕಾಯುವವರು ಯಾರು?

ಈ ಪ್ರಶ್ನೆ ಈಗ ನಮ್ಮ ಮನೆಗೇ ಬಂದಿದೆ. ತುಮಕೂರಿನ ಹತ್ತಿರದ ನಮ್ಮ ಹೊಲಕ್ಕೆ ಕಳ್ಳಿ, ಹೊಂಗೆ, ಹುಣಸೆಯ ಹಳೇ ಬೇಲಿಯಿದೆ. ಕಾಡುಪಾಪ ಇರುವ ಸೀಮೆ ಅದು. "ಅಣ್ಣ, ನೆರಳಿಗೆ ರಾಗಿ ಏಳಲ್ಲ. ಎಲ್ಲಾ ಕಡಿಸಿ ಕಲ್ಲುಕಂಬ ನೆಟ್ಟು ತಂತಿ ಎಳೆಸೋಣ, ಅರ್ಧ ಖರ್ಚು ನಿಂದು" ಎಂದು ತಮ್ಮ ಫೋನ್ ಮಾಡಿದ್ದಾನೆ. ತಂತಿಯ ಪೂರ್ತಿ ಖರ್ಚು ಕೊಡ್ತೀನಿ, ಮರದ ಒಳಗಡೆಯಿಂದ ಎಳೆಸು ಅಂದೆ. "ನೆರಳು ಎಲ್ಲಿಗೆ ಹೋಗುತ್ತೆ?" ಅಂದ. ಉಳುವವನು ಅವನು, ಮೂವತ್ತು ವರ್ಷದಿಂದ ಚೆನ್ನೈನಲ್ಲಿ ಕೂತವನು ನಾನು. ಅವನ ಮಾತಲ್ಲೂ ನ್ಯಾಯವಿದೆ.

ಮುಂದಿನ ವಾರ ಊರಿಗೆ ಹೊರಟಿದ್ದೇನೆ. ಮಾತಿಗೆ ಕೂರುವ ಮೊದಲು ತಮ್ಮನನ್ನು ಒಂದು ರಾತ್ರಿ ಆ ಬೇಲಿಯ ಉದ್ದಕ್ಕೂ ನಡೆಸಬೇಕು. ಕೆಂಪು ಕಾಗದ ಆಗಲೇ ಬ್ಯಾಗಿನಲ್ಲಿದೆ.