ಹೆಬ್ಬಾಳದ ವೀರನೂ ಅಂಗೈಯಗಲದ ಬೊಂಬೆಯೂ

ಯೋಧರ ಕಿರುಬೊಂಬೆಗಳನ್ನು ಅಳತೆಗೆ ತಕ್ಕಂತೆ ರೂಪಿಸಿ ಬಣ್ಣವಿಡುವ ಹವ್ಯಾಸಿಗಳು ರೋಮಿನ ಸೈನಿಕನನ್ನೋ ನೆಪೋಲಿಯನ್ನನ ಸಿಪಾಯಿಯನ್ನೋ ಆರಿಸಿಕೊಳ್ಳುವುದು ವಾಡಿಕೆ. ಬೆಂಗಳೂರಿನವರು ಅಷ್ಟು ದೂರ ಹೋಗಬೇಕಾದುದಿಲ್ಲ. ಹೆಬ್ಬಾಳಕ್ಕೆ ಹೋದರೆ ಸಾಕು.

2018ರಲ್ಲಿ ಅಲ್ಲಿ ಚರಂಡಿಗೆಂದು ನೆಲ ಅಗೆದಾಗ ವೀರಗಲ್ಲೊಂದು ಹೊರಬಿದ್ದಿತು. ಅದು ಗಂಗದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ರಾಷ್ಟ್ರಕೂಟರ ದಾಳಿಯನ್ನೆದುರಿಸಿ ಮಡಿದ ಕಿತ್ತಯ್ಯನ ನೆನಪಿಗಾಗಿ ನಿಲ್ಲಿಸಿದ ಕಲ್ಲದು. ಅದರ ಬರಹದಲ್ಲಿ ಈ ಸೀಮೆಯ ಹೆಸರು ‘ಪೆರ್ಬೊಳಲ್ ನಾಡು’. ಪೊಳಲೆಂದರೆ ಪಟ್ಟಣ; ಪೆರ್ಬೊಳಲ್ ಎಂದರೆ ಹಿರಿಯ ಪಟ್ಟಣ.

ಮೂವತ್ತೈದರಲ್ಲೊಂದು ಪಾಲಿನ ಅಳತೆಯಲ್ಲಿ ಕಿತ್ತಯ್ಯ ಸುಮಾರು ಐದು ಸೆಂಟಿಮೀಟರಿನ ಆಳಾಗುತ್ತಾನೆ. ಬೊಂಬೆಗೆ ಮೊದಲು ಬೂದುಬಣ್ಣದ ತಳಲೇಪ, ಮೇಲೆ ಮೂಲವರ್ಣ. ಬಳಿಕ ನೀರಾಗಿಸಿದ ಕಪ್ಪನ್ನು ಹರಿಯಬಿಟ್ಟರೆ ಬಟ್ಟೆಯ ಮಡಿಕೆಗಳಲ್ಲಿ ನೆರಳು ನಿಲ್ಲುತ್ತದೆ. ಒಣಕುಂಚವನ್ನು ಹಗುರಾಗಿ ಸವರಿದರೆ ಉಬ್ಬುಗಳು ಬೆಳಗುತ್ತವೆ.

ಆದರೆ ಯಾವ ಬಣ್ಣ? ಪೆಟ್ಟಿಗೆಯಲ್ಲಿ ಬರುವ ಸಿಪಾಯಿಗೆ ಸಮವಸ್ತ್ರವುಂಟು, ಹೆಸರಿಲ್ಲ. ಕಿತ್ತಯ್ಯನಿಗೆ ಹೆಸರುಂಟು, ಉಡುಪಿನ ಬಣ್ಣ ತಿಳಿಯದು. ಶಿಲ್ಪಿ ಕೊಟ್ಟದ್ದು ನಿಲುವನ್ನೂ ಆಯುಧವನ್ನೂ ಮಾತ್ರ. ಸಿನಿಮಾದ ಜರತಾರಿಯನ್ನು ಅವನಿಗೆ ಹೊದಿಸುವುದು ಸುಲಭ. ಅದರಿಂದ ಮಡಿದ ಮನುಷ್ಯ ಮರೆಯಾಗಿ ವೇಷವೊಂದೇ ಉಳಿದೀತು. ಹತ್ತಿಯ ಬಿಳುಪು, ಕಬ್ಬಿಣದ ಕಪ್ಪು, ಮೈಮೇಲಿನ ಧೂಳು ಇಷ್ಟಿದ್ದರೆ ಸಾಲದೆ? ಬೊಂಬೆಯ ಪೀಠದ ಮೇಲೆ ಮರೆಯದೆ ಅವನ ಹೆಸರನ್ನು ಬರೆಯಬೇಕು, ಕನ್ನಡದಲ್ಲಿ.