ಕೊಡ ಹೊರದ ನಾವು ಕಲಿತದ್ದು

ಕಾಯಕವನ್ನು ಕುರಿತು ನಾವು ಈವರೆಗೆ ಎಷ್ಟು ಉಪನ್ಯಾಸಗಳನ್ನು ಮಾಡಿದ್ದೇವೆಯೋ ಲೆಕ್ಕವಿಟ್ಟಿಲ್ಲ. ಶ್ರಾವಣ ಮಾಸದ ಪ್ರವಚನಗಳಲ್ಲಿ, ಬಸವ ಜಯಂತಿಯ ವೇದಿಕೆಗಳಲ್ಲಿ, ಮದುವೆಯ ಮಂಟಪಗಳಲ್ಲಿಯೂ ಆ ಮಾತನ್ನು ಆಡಿದ್ದೇವೆ. ಆದರೆ ಅದರ ಒಂದು ಮುಖ್ಯವಾದ ಅಂಶ ನಮಗೆ ಮನದಟ್ಟಾದುದು ತೀರ ಇತ್ತೀಚೆಗೆ, ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿರುವ ಒಂದು ಗಾಜಿನ ತೊಟ್ಟಿಯ ಮುಂದೆ. ಮೀನು ಸಾಕುವ ತೊಟ್ಟಿಗೂ ಕಾಯಕ ತತ್ತ್ವಕ್ಕೂ ಏನು ಸಂಬಂಧವೆಂದು ಓದುಗ ಬಂಧುಗಳು ನಗಬಾರದು. ಪೂರ್ತಿ ಓದಿ ಅನಂತರ ನಕ್ಕರೆ ನಮ್ಮ ಆಕ್ಷೇಪಣೆಯಿಲ್ಲ.

ನಿಪ್ಪಾಣಿ ತಂಬಾಕಿನ ಊರು. ಇಲ್ಲಿಂದ ಸಮುದ್ರವನ್ನು ಕಾಣಬೇಕಾದರೆ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಟ್ಟವನ್ನಿಳಿದು ಹೋಗಬೇಕು. ಮುಂಬಯಿಯಲ್ಲಿ 1951ರಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾದಾಗ ಅದರ ಎದುರಿಗೇ ಅರಬ್ಬೀ ಸಮುದ್ರವಿತ್ತು. ನಮ್ಮ ಮನೆಯ ಎದುರಿಗಿರುವುದು ತಂಬಾಕಿನ ಹಳೆಯ ವಖಾರಿ. ಆದರೂ ಪುಣೆಯಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗ, ಮೊಮ್ಮಗನ ಹಟಕ್ಕೆ ಸೋತು, ಕಡಲ ಮೀನುಗಳ ತೊಟ್ಟಿಯೊಂದನ್ನು ತಂದು ಇರಿಸಿದ. ಅದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಮರಳು, ಕಲ್ಲು ಕಳೆದರೆ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಎರಡು ಕ್ಲೌನ್ ಮೀನು, ಮೂರು ನೀಲಿ ಡ್ಯಾಮ್ಸೆಲ್ ಮೀನು ಅದರ ನಿವಾಸಿಗಳು. ಕಲ್ಲುಗಳೆಲ್ಲ ಕೃತಕವಾದವು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ 2001ರಲ್ಲಿ ಒಳಪಟ್ಟಿರುವುದರಿಂದ ಅವನ್ನು ಮನೆಯಲ್ಲಿಡುವ ವಿಚಾರವೇ ಬರಲಿಲ್ಲ.

ಕಡಲಿಲ್ಲದ ಊರಿನಲ್ಲಿ ಕಡಲ ನೀರು ಎಲ್ಲಿಂದ ಬರಬೇಕು? ಈ ಪ್ರಶ್ನೆ ಹಳೆಯದು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದ ಕಾಲಕ್ಕೇ ಫಿಲಿಪ್ ಹೆನ್ರಿ ಗಾಸ್ ಎಂಬ ವಿದ್ವಾಂಸರು ಲವಣಗಳನ್ನು ಕೂಡಿಸಿ ಕೃತಕ ಸಮುದ್ರಜಲವನ್ನು ಮಾಡಲು ಯತ್ನಿಸಿದರು. ಇಂದು ಅಂತಹ ಲವಣ ಮಿಶ್ರಣ ಅಂಗಡಿಯಲ್ಲಿಯೇ ದೊರೆಯುತ್ತದೆ. ಅಡುಗೆಯ ಉಪ್ಪು ಇದಕ್ಕೆ ಸಲ್ಲದು. ಅದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದಲ್ಲಿರುವ ಮೆಗ್ನೀಷಿಯಂ, ಕ್ಯಾಲ್ಷಿಯಂ, ಪೊಟ್ಯಾಷಿಯಂ ಮೊದಲಾದವು ಅದರಲ್ಲಿ ಬೇಕಾದಷ್ಟು ಇರುವುದಿಲ್ಲ.

ನೀರನ್ನು ಒಮ್ಮೆ ತುಂಬಿದರೆ ಮುಗಿಯಲಿಲ್ಲ. ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲನೆಯದಾದ ಅಮೋನಿಯಾ ಅಲ್ಪ ಪ್ರಮಾಣದಲ್ಲಿಯೂ ವಿಷ. ಮೂರನೆಯದು ಅಷ್ಟು ಉಗ್ರವಲ್ಲ, ಆದರೆ ದಿನದಿನಕ್ಕೆ ಸಂಚಯವಾಗುತ್ತ ಹೋಗುತ್ತದೆ. ಅದನ್ನು ತಗ್ಗಿಸಲು ನಮ್ಮಂತಹವರಿಗಿರುವ ಸರಳ ದಾರಿ ಒಂದೇ: ಹಳೆಯ ನೀರನ್ನಷ್ಟು ತೆಗೆದು ಹೊಸ ನೀರನ್ನಷ್ಟು ಕೊಡುವುದು.

ಮಗ ಹದಿನೈದು ದಿನಕ್ಕೊಮ್ಮೆ ಬರುವವನು. ಆದ್ದರಿಂದ ಈ ಕೆಲಸ ನಮ್ಮ ಸೊಸೆಯ ಪಾಲಿಗೆ ಬಂದಿತು. ತಿಂಗಳಿಗೊಮ್ಮೆ 80 ಲೀಟರ್ ಬದಲಿಸಬೇಕೆಂದು ನಿಶ್ಚಯವಾಗಿತ್ತು. ನಮ್ಮ ಮನೆಯ ಪ್ಲಾಸ್ಟಿಕ್ ಕೊಡ ಹಿಡಿಯುವುದು 16 ಲೀಟರ್. ಪಡಸಾಲೆಯಿಂದ ಬಚ್ಚಲಿಗೆ ಐದು ಕೊಡ, ಬಚ್ಚಲಿನಿಂದ ಪಡಸಾಲೆಗೆ ಐದು ಕೊಡ. ಒಟ್ಟು 160 ಕಿಲೋಗ್ರಾಮಿಗೂ ಮಿಗಿಲಾದ ಭಾರ. ಇದರ ಮೇಲೆ ಉಪ್ಪು ಕಲಸುವುದು, ಎದೆಯೆತ್ತರಕ್ಕೆ ಕೊಡವನ್ನೆತ್ತಿ ಸುರಿಯುವುದು, ನೆಲ ಒರೆಸುವುದು. ಅರ್ಧ ದಿನ ಅದಕ್ಕೇ ಮೀಸಲು.

ಒಂದು ದಿನ ಆಕೆ, ಪಂಪು ಮತ್ತು ಪೈಪು ತಂದರೆ ಅನುಕೂಲವಾದೀತೆಂದು ಮೆಲ್ಲಗೆ ಕೇಳಿದಳು. ನಾವು ಆಗ ಆರಾಮ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆವು. ತಲೆಯೆತ್ತದೆಯೇ ಕಾಯಕದ ಮಹಿಮೆಯನ್ನು ಹೇಳಿದೆವು. ಜೀವಿಗಳನ್ನು ಮನೆಗೆ ತಂದ ಮೇಲೆ ಅವುಗಳ ಸೇವೆಯಲ್ಲಿ ಮೈ ನೋಯಿಸಿಕೊಳ್ಳಲು ಹಿಂಜರಿಯಬಾರದೆಂದೂ, ಈ ಕಾಲದವರಿಗೆ ಎಲ್ಲವೂ ಗುಂಡಿ ಒತ್ತಿದರೆ ಆಗಬೇಕೆಂದೂ ಉಪದೇಶಿಸಿದೆವು. ಆಕೆ ಮರುಮಾತಾಡಲಿಲ್ಲ. ಆದರೆ ಕಷ್ಟದ ಕೆಲಸ ಮುಂದೆ ಮುಂದೆ ಹೋಗುವುದು ಲೋಕಸಹಜ. ಒಂದು ತಿಂಗಳು ಹಬ್ಬವೆಂದು ತಪ್ಪಿತು, ಇನ್ನೊಂದು ತಿಂಗಳು ಬಂಧುಗಳ ಮದುವೆಯೆಂದು ತಪ್ಪಿತು. ಒಂದು ಡ್ಯಾಮ್ಸೆಲ್ ಸತ್ತು ತೇಲಿತು. ಮಗ ಬಂದು ಪರೀಕ್ಷಿಸಿದಾಗ ನೈಟ್ರೇಟ್ ಅಳೆಯುವ ಬಣ್ಣದ ಪಟ್ಟಿಯ ಕೊನೆಯ ಕೆಂಪು ಕಂಡಿತು. ಆಕೆ ಗಾಬರಿಯಾಗಿ ಮರುದಿನವೇ ಕೊಡ ಹೊತ್ತಳು. ಒದ್ದೆಯಾದ ನೆಲದಲ್ಲಿ ಕಾಲು ಜಾರಿತು. ಬಲ ಮುಂಗೈಯ ಎಲುಬು ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರಿನಲ್ಲಿತ್ತು.

ಅಂದು ಸಂಜೆ ಆಕೆ ಹೇಳಿದ ಮಾತು ಇಷ್ಟೇ: “ಮಾವಾರ, ಕಾಯಕ ಬ್ಯಾಡ ಅನ್ನೂದಿಲ್ಲರಿ. ಕೊಡಾ ಬ್ಯಾಡ ಅಂತೀನ್ರಿ.”

ಉತ್ತರ ಹೊಳೆಯಲಿಲ್ಲ. ಆ ಆರು ವಾರ ತೊಟ್ಟಿಯ ಸೇವೆ ನಮ್ಮದಾಯಿತು. ಮೊದಲ ಭಾನುವಾರ ಎರಡು ಕೊಡ ಹೊತ್ತೆವು. ಮೂರನೆಯದಕ್ಕೆ ಮೊಣಕಾಲು ಒಪ್ಪಲಿಲ್ಲ. ಅಂದೇ ಮಗನಿಗೆ ಫೋನು ಮಾಡಿ, ಪಂಪು ಮತ್ತು ಪೈಪು ತರಲು ಹೇಳಿದೆವು. ತಾನು ಹೊರುವವರೆಗೆ ಹೊರೆಯನ್ನು ಹೊಗಳುವುದು ಎಷ್ಟು ಸುಲಭವೆಂಬುದು ಆ ದಿನ ತಿಳಿಯಿತು.

ಈಗ ನಾವು ಅನುಸರಿಸುತ್ತಿರುವ ಕ್ರಮವನ್ನು, ಮನೆಯಲ್ಲಿ ಇಂತಹ ತೊಟ್ಟಿಯುಳ್ಳ ಬಂಧುಗಳಿಗಾಗಿ ಬರೆಯುತ್ತೇವೆ.

ಮೊದಲನೆಯದಾಗಿ, ತಿಂಗಳಿಗೊಮ್ಮೆ 80 ಲೀಟರ್ ಬದಲಿಸುವುದನ್ನು ಬಿಟ್ಟು ವಾರಕ್ಕೊಮ್ಮೆ 20 ಲೀಟರ್ ಬದಲಿಸುತ್ತೇವೆ. ನಾಲ್ಕು ಸಲ ನೂರಕ್ಕೆ ಹತ್ತರಂತೆ ತೆಗೆದರೆ ಹಳೆಯ ನೀರಿನಲ್ಲಿ ಹೋಗುವುದು ಸುಮಾರು 34 ಭಾಗ, 40 ಅಲ್ಲ. ಏಕೆಂದರೆ ಪ್ರತಿ ಸಲವೂ ಹೊಸ ನೀರು ಸ್ವಲ್ಪ ಹೊರಬೀಳುತ್ತದೆ. ಈ ಸಣ್ಣ ನಷ್ಟಕ್ಕೆ ಪ್ರತಿಯಾಗಿ ಮೀನುಗಳಿಗೆ ಒಮ್ಮೆಲೆ ದೊಡ್ಡ ಬದಲಾವಣೆಯ ಆಘಾತ ತಪ್ಪುತ್ತದೆ, ಮಾಡುವವರಿಗೆ ಶ್ರಮವೂ ತಗ್ಗುತ್ತದೆ.

ಎರಡನೆಯದಾಗಿ, ಹೊಸ ನೀರು ಮುನ್ನಾದಿನವೇ ಸಿದ್ಧವಾಗಿರಬೇಕು. ಬಚ್ಚಲಿನ ಮೂಲೆಯಲ್ಲಿ 50 ಲೀಟರಿನ ಶುದ್ಧವಾದ ಡ್ರಮ್ಮು ಇದೆ. ನಗರಸಭೆಯ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕೊಳವೆ ಬಾವಿಯ ನೀರು ಗಡಸು. ಆದ್ದರಿಂದ ಆರ್‌ಓ ಯಂತ್ರದ ನೀರನ್ನೇ ಹಿಡಿಯುತ್ತೇವೆ. ಆ ಯಂತ್ರವನ್ನು ಬಚ್ಚಲಿನ ಗೋಡೆಗೇ ಕೂಡಿಸಿ ಅದರ ಕೊಳವೆಯನ್ನು ನೇರವಾಗಿ ಡ್ರಮ್ಮಿಗೆ ಬಿಟ್ಟಿರುವುದರಿಂದ ತುಂಬುವ ಕೆಲಸವೂ ಇಲ್ಲ. ಲೀಟರಿಗೆ ಸುಮಾರು 36 ಗ್ರಾಂ ಲವಣದಂತೆ 20 ಲೀಟರಿಗೆ 720 ಗ್ರಾಂ ಹಾಕಿ, ಚಿಕ್ಕ ಮುಳುಗು ಪಂಪನ್ನು ರಾತ್ರಿಯಿಡೀ ಡ್ರಮ್ಮಿನೊಳಗೇ ತಿರುಗಲು ಬಿಡುತ್ತೇವೆ. ಲವಣವನ್ನು ಮೀನಿರುವ ತೊಟ್ಟಿಗೆ ಎಂದಿಗೂ ನೇರವಾಗಿ ಸುರಿಯಬಾರದು. ಬೆಳಿಗ್ಗೆ ರಿಫ್ರಾಕ್ಟೋಮೀಟರಿನಲ್ಲಿ ನೋಡಿದರೆ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ 1.025ರಿಂದ 1.026 ಇರಬೇಕು. ಚಳಿಗಾಲದಲ್ಲಿ ಹೀಟರ್ ಇಟ್ಟು, ತೊಟ್ಟಿಯ ನೀರಿನಷ್ಟೇ, ಅಂದರೆ 26 ಡಿಗ್ರಿಯ ಆಸುಪಾಸಿಗೆ ಬೆಚ್ಚಗೆ ಮಾಡುತ್ತೇವೆ.

ಮೂರನೆಯದಾಗಿ, ಹಳೆಯ ನೀರು ತಾನಾಗಿಯೇ ಹೋಗಬೇಕು. ತೊಟ್ಟಿ ಎತ್ತರದಲ್ಲಿದೆ, ಬಚ್ಚಲಿನ ಮೋರಿ ತಗ್ಗಿನಲ್ಲಿದೆ. ನೀರು ತುಂಬಿದ ಪೈಪಿನ ಒಂದು ತುದಿ ಇಲ್ಲಿ, ಇನ್ನೊಂದು ತುದಿ ಅಲ್ಲಿ ಇದ್ದರೆ ಭೂಮಿಯ ಸೆಳೆತವೇ ಕೊಡ ಹೊರುತ್ತದೆ. ಬಾಯಿಯಿಂದ ಎಳೆಯುವ ಅಗತ್ಯವಿಲ್ಲ. ನಮ್ಮ ತೊಟ್ಟಿಯಲ್ಲಿ 20 ಲೀಟರ್ ಎಂದರೆ ಸುಮಾರು 3.7 ಸೆಂಟಿಮೀಟರ್ ಎತ್ತರದ ನೀರು. ಅಷ್ಟು ಕೆಳಗೆ ಗಾಜಿನ ಮೇಲೊಂದು ಗೆರೆ ಎಳೆದಿದ್ದೇವೆ. ಪೈಪಿನ ತುದಿಯನ್ನು ಸರಿಯಾಗಿ ಆ ಗೆರೆಗೆ ಸಿಕ್ಕಿಸಿದರೆ, ನೀರು ಅಲ್ಲಿಗೆ ಇಳಿದೊಡನೆ ಗಾಳಿ ಒಳಹೊಕ್ಕು ಹರಿವು ತಾನೇ ನಿಲ್ಲುತ್ತದೆ. ಯಾರಾದರೂ ಬಾಗಿಲಿಗೆ ಬಂದು ನಾವು ಮಾತಿಗೆ ನಿಂತರೂ ತೊಟ್ಟಿ ಬರಿದಾಗುವ ಭಯವಿಲ್ಲ.

ನಾಲ್ಕನೆಯದಾಗಿ, ಡ್ರಮ್ಮಿನಲ್ಲಿರುವ ಅದೇ ಪಂಪಿಗೆ ಉದ್ದ ಪೈಪು ಜೋಡಿಸಿದರೆ ಹೊಸ ನೀರು ತೊಟ್ಟಿಗೆ ಬರುತ್ತದೆ. ಪಂಪು ಬೇಕಾದಷ್ಟು ಎತ್ತರಕ್ಕೆ ನೀರೆತ್ತಬಲ್ಲದೇ ಎಂದು ಕೊಳ್ಳುವಾಗಲೇ ನೋಡಬೇಕು. ಅದು ತಳದ ನಾಲ್ಕು ಲೀಟರನ್ನು ಎಳೆಯದ ಕಾರಣ ಮೊದಲ ಸಲ ಅಷ್ಟು ಹೆಚ್ಚಿಗೆ ಕಲಸಿಕೊಂಡೆವು. ಪೈಪಿನ ತುದಿ ತೊಟ್ಟಿಯ ನೀರಿನಲ್ಲಿ ಮುಳುಗಿರಬಾರದು. ಮುಳುಗಿದ್ದರೆ ಪಂಪು ನಿಂತೊಡನೆ ನೀರು ಹಿಂದಕ್ಕೆ ಹರಿಯುತ್ತದೆ. ಕೆಲಸಕ್ಕೆ ಮುನ್ನ ತೊಟ್ಟಿಯ ಹೀಟರನ್ನು ಆರಿಸಬೇಕು, ನೀರಿಲ್ಲದೆ ಕಾದರೆ ಅದರ ಗಾಜು ಒಡೆಯುತ್ತದೆ. ವಿದ್ಯುತ್ ತಂತಿಗಳು ಪ್ಲಗ್ಗಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಬೇಕು. ಆಗ ತಂತಿಯ ಮೇಲೆ ಹರಿದ ಹನಿ ಪ್ಲಗ್ಗಿಗೆ ತಲುಪದೆ ಕೆಳಗೆ ಬೀಳುತ್ತದೆ.

ಇನ್ನೊಂದು ಎಚ್ಚರಿಕೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನನಿತ್ಯ ಕಡಿಮೆಯಾದ ನೀರಿಗೆ ಉಪ್ಪಿಲ್ಲದ ಆರ್‌ಓ ನೀರನ್ನೇ ಸೇರಿಸಬೇಕು. ಹಾಗೆಂದು ಇದು ನೀರು ಬದಲಿಸಿದಂತೆ ಆಗುವುದಿಲ್ಲ, ಕಲ್ಮಷ ಇದ್ದಲ್ಲಿಯೇ ಇರುತ್ತದೆ. ಹೊರಹೋದ ನೀರನ್ನು ಗಿಡಗಳಿಗೆ ಹಾಕಲೇಬಾರದು. ನೀರು ವ್ಯರ್ಥವಾಗದಿರಲೆಂದು ನಾವು ಮೊದಲ ವಾರಗಳಲ್ಲಿ ಅದನ್ನು ಅಂಗಳದ ಬಿಲ್ವದ ಬುಡಕ್ಕೆ ಸುರಿದೆವು. ಪೂಜೆಗೆ ಪತ್ರೆ ಕೊಡುತ್ತಿದ್ದ ಗಿಡ ತುದಿಯಿಂದ ಒಣಗಿತು. ಆ ತಪ್ಪಿಗೆ ನಾವೇ ಹೊಣೆ.

ಈಗ ಈ ಕೆಲಸಕ್ಕೆ ಹಿಡಿಯುವುದು ಅರ್ಧ ಗಂಟೆ. ಒಂದು ವಾರ ಸೊಸೆ ಮಾಡಿದರೆ ಇನ್ನೊಂದು ವಾರ ನಾವು ಮಾಡುತ್ತೇವೆ. ಕಳೆದ ಒಂದು ವರ್ಷದಲ್ಲಿ ತಪ್ಪಿದ್ದು ಎರಡೇ ವಾರ. ಉಳಿದ ನಾಲ್ಕು ಮೀನುಗಳೂ ಚೆನ್ನಾಗಿವೆ.

ಬಾಲ್ಯದ ಒಂದು ಪ್ರಸಂಗ ನೆನಪಾಗುತ್ತದೆ. ಮಠದಲ್ಲಿ ಓದುವಾಗ ಬಾವಿಯಿಂದ ಬರಿಗೈಯಲ್ಲಿ ಹಗ್ಗ ಜಗ್ಗಿ ನೀರು ಸೇದುತ್ತಿದ್ದೆವು. ಅಂಗೈಯ ಗುಳ್ಳೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದೇ ನಮಗೊಂದು ಹೆಮ್ಮೆ. ಒಂದು ದಿನ ಗುರುಗಳು ಬಾವಿಗೆ ರಾಟೆ ಹಾಕಿಸಿದರು. ಸೇವೆ ಹಗುರವಾಗಲಿಲ್ಲವೇ ಎಂದು ನಾವು ಕೇಳಿದೆವು. “ಮಠಕ್ಕೆ ಬೇಕಾದದ್ದು ನೀರು, ನಿಮ್ಮ ಗುಳ್ಳೆಯಲ್ಲ” ಎಂದರು. ಆ ಮಾತು ಐವತ್ತು ವರ್ಷ ನಮ್ಮ ನೆನಪಿನಲ್ಲಿತ್ತು, ಆದರೆ ನಡೆಗೆ ಬಂದಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಲಿಂಗವನ್ನು ಅಂಗೈಗೆ ತಂದರು. ದೂರದ ಗುಡಿಗೆ ಹೋಗಲಾಗದ ದುಡಿಮೆಗಾರರೂ ಒಲೆಯ ಮುಂದಿನ ತಾಯಿಯೂ ನಿತ್ಯ ಪೂಜಿಸುವಂತಾಯಿತು. ಲಿಂಗ ಅಂಗೈಗೆ ಹಗುರವಾಯಿತೆಂದು ಭಕ್ತಿ ಹಗುರವಾಯಿತೆಂದು ಯಾರೂ ಹೇಳಲಾರರು. ಸುಲಭವಾದುದರಿಂದಲೇ ಅದು ನಿತ್ಯವಾಯಿತು. ನುಲಿಯ ಚಂದಯ್ಯನವರು ತಾವೇ ಹಗ್ಗ ಹೊಸೆದರು, ಮಡಿವಾಳ ಮಾಚಿದೇವರು ತಾವೇ ಬಟ್ಟೆ ಒಗೆದರು. ಹಾಗೆ ದುಡಿದವರಿಗೆ ಕಾಯಕವನ್ನು ಕುರಿತು ನುಡಿಯುವ ಅಧಿಕಾರವಿತ್ತು. ಕುರ್ಚಿಯಲ್ಲಿ ಕುಳಿತ ನಮಗೆ ಇರಲಿಲ್ಲ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಮೀನಿನ ತೊಟ್ಟಿ ಇಲ್ಲದಿರಬಹುದು. ಆದರೆ ದಿನವೂ ಯಾರೋ ಒಬ್ಬರು ಹೊರುತ್ತಿರುವ ಕೊಡವೊಂದು ಇದ್ದೇ ಇರುತ್ತದೆ. ಅದರ ಮಹಿಮೆಯನ್ನು ವರ್ಣಿಸುವ ಮೊದಲು ಒಂದು ವಾರ ನೀವೇ ಹೊತ್ತು ನೋಡಿರಿ. ಶರಣು ಶರಣಾರ್ಥಿ.