ಪೊಮೋನಾದ ಸಂತೆಯಲ್ಲಿ ಹೆಡರ್ ಹುಡುಕಾಟ

ಲಾಸ್ ಏಂಜಲೀಸ್ ನಗರದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಪೊಮೋನಾದ ಜಾತ್ರೆ ಮೈದಾನದಲ್ಲಿ ವರ್ಷಕ್ಕೆ ಕೆಲವು ಭಾನುವಾರಗಳಂದು ಹಳೆಯ ವಾಹನಗಳ ಸಂತೆ ನೆರೆಯುತ್ತದೆ. ಉತ್ತರದ ಸ್ಯಾನ್ ಗೇಬ್ರಿಯಲ್ ಪರ್ವತಗಳು ಇನ್ನೂ ಕತ್ತಲಲ್ಲಿರುವಾಗಲೇ ಬ್ಯಾಟರಿ ದೀಪ ಹಿಡಿದವರು ಬಿಡಿಭಾಗಗಳ ರಾಶಿಗಳ ನಡುವೆ ಬಗ್ಗಿ ನೋಡುತ್ತಾ ನಡೆಯುತ್ತಾರೆ. ಒಳ್ಳೆಯ ಸರಕು ಬೆಳಕು ಹರಿಯುವ ಮುನ್ನವೇ ಮಾರಿಹೋಗುವುದುಂಟು.

ಅವರಲ್ಲಿ 1967ರಿಂದ 1972ರವರೆಗಿನ ಷೆವ್ರೊಲೆ ಸಿ-10 ಪಿಕಪ್ ಟ್ರಕ್ಕುಗಳ ಮಾಲೀಕರೂ ಇರುತ್ತಾರೆ. ಅವರು ಅರಸುವ ವಸ್ತು ಹೆಡರ್. ಕನ್ನಡ ಸೀಮೆಯ ಗ್ಯಾರೇಜುಗಳಲ್ಲಿ ಹೊಗೆ ಹೋಗುವ ಹಾದಿಯನ್ನೆಲ್ಲ ‘ಸೈಲೆನ್ಸರ್’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದುಂಟು. ಹೆಡರ್ ಆ ಹಾದಿಯ ಮೊದಲ ತುದಿ. ಕಾರ್ಖಾನೆಯು ವಿ-8 ಎಂಜಿನ್ನಿನ ಎರಡೂ ಮಗ್ಗುಲಿಗೆ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕೂರಿಸಿತ್ತು. ಹೆಡರಿನಲ್ಲಾದರೋ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಉಕ್ಕಿನ ಕೊಳವೆ. ಒಂದು ಮಗ್ಗುಲಿನ ನಾಲ್ಕೂ ಬಾಗಿ ಬಳುಕಿ ಕೆಳಗೆ ಒಂದೇ ಬಾಯಿಗೆ ಕೂಡುತ್ತವೆ. ಹೊಗೆಯ ದಾರಿ ಸಲೀಸಾಗಿ ಎಂಜಿನ್ನಿನ ಬಲ ಹೆಚ್ಚುತ್ತದೆ. ಆದರೆ ತೆಳು ಉಕ್ಕು ಬಿಸಿ-ತಂಪುಗಳ ಸರದಿಯಲ್ಲಿ ತುಕ್ಕು ಹಿಡಿದು ಬಿರುಕುಬಿಡುತ್ತದೆ.

1955ರಲ್ಲಿ ಬಂದ ಈ ಸಂಸ್ಥೆಯ ಚಿಕ್ಕ ವಿ-8 ಎಂಜಿನ್ನಿನಲ್ಲಿ ಹೆಡರ್ ಕೂರಿಸುವ ಬೋಲ್ಟುಗಳ ಜಾಗ ದಶಕಗಳವರೆಗೆ ಬಹುಮಟ್ಟಿಗೆ ಬದಲಾಗಲಿಲ್ಲ. ಆದ್ದರಿಂದ ಕಾರಿನ ಹೆಡರೂ ಟ್ರಕ್ಕಿನ ಎಂಜಿನ್ನಿಗೆ ಕೂರುತ್ತದೆ. ಟ್ರಕ್ಕಿಗೆ ಮಾತ್ರ ಕೂರುವುದಿಲ್ಲ! ಎಡಕ್ಕೆ ಸ್ಟಿಯರಿಂಗ್ ಬಾಕ್ಸು ಮತ್ತು ಕ್ಲಚ್ಚಿನ ಸರಳುಗಳು, ಬಲಕ್ಕೆ ಸ್ಟಾರ್ಟರ್ ಮೋಟರು, ಕೆಳಗೆ ಚಾಸಿ ಅಡ್ಡ ಬರುತ್ತವೆ. ನಾಲ್ಕು ಚಕ್ರ ಚಾಲನೆಯ ಕೆ-10 ಗಾಡಿಯಲ್ಲಿ ಮುಂದಿನ ಶಾಫ್ಟಿನ ಕಾಟ ಬೇರೆ. ಅನುಭವಸ್ಥರು ಮನೆಯಲ್ಲೇ ಅಳತೆ ತೆಗೆದು, ರಟ್ಟು ಕತ್ತರಿಸಿಕೊಂಡು ಬರುತ್ತಾರೆ. ಬೋಲ್ಟು ಕೂರುವ ಪಟ್ಟಿಯ ಮೇಲೆ ನೇರ ಅಳತೆಪಟ್ಟಿ ಇಟ್ಟು ನೋಡುತ್ತಾರೆ. ಪಟ್ಟಿ ಡೊಂಕಾಗಿದ್ದರೆ ಯಾವ ಗ್ಯಾಸ್ಕೆಟ್ಟೂ ಹೊಗೆಯ ಸೋರಿಕೆಯನ್ನು ಹೆಚ್ಚು ದಿನ ತಡೆಯಲಾರದು.

ಇಷ್ಟೆಲ್ಲ ಹೊಂದಿದರೂ ಕಾನೂನಿಗೆ ಹೊಂದಬೇಕು. ಕ್ಯಾಲಿಫೋರ್ನಿಯಾದಲ್ಲಿ 1975 ಅಥವಾ ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ವಾಹನಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. 1976ರ ಗಾಡಿಗೆ ಇಲ್ಲ. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಈ ಎರಡು ವರ್ಷಗಳ ಟ್ರಕ್ಕುಗಳಲ್ಲಿ ಭೇದ ಕಾಣುವುದು ಕಷ್ಟ. ಆದರೂ 1976ರ ಗಾಡಿಗೆ ಹಾಕುವ ಹೆಡರಿಗೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಆದೇಶ ಸಂಖ್ಯೆ ಇರಲೇಬೇಕು. ಅದಿಲ್ಲದೆ ತಪಾಸಣೆಯಲ್ಲಿ ಸೋತರೆ ನೋಂದಣಿಯ ನವೀಕರಣ ನಿಲ್ಲುತ್ತದೆ, ಗಾಡಿ ಮನೆಯಂಗಳದಲ್ಲೇ ಉಳಿಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ತಪಾಸಣೆಯ ವಿನಾಯಿತಿಯೆಂದರೆ ಮಾಲಿನ್ಯ ತಡೆಯುವ ಮೂಲ ಸಾಧನಗಳನ್ನು ಕಳಚಲು ಅನುಮತಿಯೂ ಅಲ್ಲ.

ಬರೀ ಸಾಮಾನು ಹೇರಲು ಟ್ರಕ್ಕು ಇಟ್ಟುಕೊಂಡವನಿಗೆ ಇಷ್ಟೆಲ್ಲ ಪರದಾಟ ಬೇಕಿಲ್ಲ. ಹಳೆಯ ಎರಕದ ಮ್ಯಾನಿಫೋಲ್ಡೇ ಸಾಕು, ಸದ್ದೂ ಕಡಿಮೆ. ಅವೂ ಇದೇ ಮೈದಾನದಲ್ಲಿ, ಹೆಡರುಗಳ ಪಕ್ಕದ ರಾಶಿಯಲ್ಲಿ, ಕೇಳುವವರಿಲ್ಲದೆ ಬಿದ್ದಿರುತ್ತವೆ.